ಓದಿ ಒಪ್ಪಿದ್ದೇನೆ

ಮಬ್ರೂಕ್‌ನ ದೋಣಿ ಮಗುಚಿದ ಸುದ್ದಿ ಮಹದಿಯಾ ಬಂದರಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಮೀನು ಹರಾಜಿನ ಹೊತ್ತಿಗೆ. ಹರಾಜು ಕೂಗುತ್ತಿದ್ದವನು ಅರ್ಧಕ್ಕೇ ಬಾಯಿ ಮುಚ್ಚಿದ. ತಮ್ಮ ವಿಮಾ ಕಚೇರಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ ಹಾಜಿ ಲಮೀನ್ ಲೋಟವನ್ನು ನೆಲದ ಮೇಲಿಟ್ಟು ಎದ್ದರು. ಮಬ್ರೂಕ್‌ನ ಜೊತೆ ಹೋಗಿದ್ದ ಒಬ್ಬನೇ ಆಳು ಬಂಡೆ ಹಿಡಿದು ಬದುಕಿದ್ದ. ಮಬ್ರೂಕ್ ದಡಕ್ಕೆ ಬಂದದ್ದು ಹೆಣವಾಗಿ.

ಅವನು ಹಾಜಿಯ ಚಿಕ್ಕಮ್ಮನ ಮಗ. ಹಾಜಿಯ ತಾಯಿಯ ಎದೆಹಾಲನ್ನೂ ಕುಡಿದವನು, ಹಾಗಾಗಿ ಒಡಹುಟ್ಟಿದ ತಮ್ಮನಿಗಿಂತ ಕಡಿಮೆಯಲ್ಲ. ಮೈ ತೊಳೆದು ಕಫನ್ ಬಟ್ಟೆ ಹೊದಿಸಿದವರು ಹಾಜಿಯೇ.

"ಅಳಬೇಡ ಝುಹ್ರಾ," ಎಂದು ಅವನ ಹೆಂಡತಿಗೆ ಹೇಳಿದರು. "ಪಾಲಿಸಿ ಗಟ್ಟಿಯಾಗಿದೆ. ನಾನೇ ಮಾಡಿಸಿದ್ದು."

ಮೂರು ವಾರಕ್ಕೆ ಕಂಪನಿಯ ಪತ್ರ ಬಂತು. ದೋಣಿಯಲ್ಲಿ ಮೂವರಿಗಿಂತ ಕಡಿಮೆ ಜನರಿದ್ದರೆ ಪರಿಹಾರವಿಲ್ಲ. ಪುಟ ಹದಿನಾಲ್ಕು ನೋಡಿ. ಹಾಜಿ ನೋಡಿದರು. ಹೋದ ಸಲ ನವೀಕರಿಸುವಾಗ ಕಂಪನಿ ಆ ಸಾಲನ್ನು ಸದ್ದಿಲ್ಲದೆ ತುರುಕಿತ್ತು. ಮಬ್ರೂಕ್ ಯಾವತ್ತೂ ಇಬ್ಬರೇ ಹೋಗುವವನು. ಅದು ಇಡೀ ಬಂದರಿಗೆ ಗೊತ್ತು, ಹಾಜಿಗೂ ಗೊತ್ತು. ಪುಟ ಹದಿನಾಲ್ಕು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಪುಟದಲ್ಲಿ, ಗಿರಾಕಿ ತನ್ನ ಕೈಯಿಂದಲೇ ಬರೆಯಬೇಕಾದ ಸಾಲಿತ್ತು: "ಓದಿ ಒಪ್ಪಿದ್ದೇನೆ." ಅದನ್ನು ಬರೆದದ್ದು ಹಾಜಿಯ ಕೈ. ನಲವತ್ತು ವರ್ಷದಿಂದ ಬಂದರಿನ ಎಲ್ಲರ ಪಾಲಿಸಿಗೂ ಅವರೇ ಬರೆಯುತ್ತಿದ್ದರು. ಅವರೊಬ್ಬರೇ ಅಲ್ಲ, ಕರಾವಳಿಯ ಏಜೆಂಟರೆಲ್ಲ ಹಾಗೆಯೇ. ಒಂದೇ ಕೈ ಎಂದು ಕಾಣದಿರಲು ಮೂರು ಬಗೆಯ ಪೆನ್ನು ಇಟ್ಟುಕೊಂಡಿದ್ದರು. ಮಬ್ರೂಕ್‌ನದನ್ನು ಎಡಗೈಯಿಂದ ಬರೆಯುತ್ತಿದ್ದರು. ಅದೊಂದು ಉಪಕಾರ ಎಂದೇ ನಂಬಿದ್ದರು.

ಹಿಂದಿನ ವರ್ಷ ಸರ್ಕಾರ ಇದನ್ನು ನಿಲ್ಲಿಸಲು ಹೊರಟಿತ್ತು. ಪರಿಹಾರ ಸಿಗದ ಸಂದರ್ಭಗಳನ್ನು ಏಜೆಂಟರು ಗಟ್ಟಿಯಾಗಿ ಓದಿ ಹೇಳಬೇಕು, ಸಾಲನ್ನು ಗಿರಾಕಿಯೇ ಬರೆಯಬೇಕು, ಏಜೆಂಟ್ ಬರೆದರೆ ಪರವಾನಗಿ ರದ್ದು ಎಂಬ ಹೊಸ ನಿಯಮ. ಏಜೆಂಟರ ಸಂಘ ಕುದಿಯಿತು. ಅಧ್ಯಕ್ಷ ರಿಯಾದ್ ಬಸ್ಸು ಮಾಡಿಸಿ ಎಲ್ಲರನ್ನೂ ರಾಜಧಾನಿ ತೂನಿಸ್‌ಗೆ, ಸಂಸತ್ತಿನ ಸಮಿತಿಯ ಮುಂದೆ ಕರೆದೊಯ್ದ. ಹಿರಿಯರೆಂದು ಹಾಜಿಯಿಂದಲೇ ಮಾತಾಡಿಸಿದ. "ಇವರನ್ನು ನಾವು ಹುಟ್ಟಿದಾಗಿನಿಂದ ಬಲ್ಲೆವು. ನಮ್ಮ ಮಾತೇ ಅವರಿಗೆ ಕಾಗದ," ಎಂದು ಹಾಜಿ ಗದ್ಗದಿತರಾಗಿ ಹೇಳಿದ್ದರು. ನಿಯಮ ಬಿದ್ದುಹೋಯಿತು. ಅಂದು ಮಬ್ರೂಕ್ ದೊಡ್ಡ ಮೀನೊಂದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. "ನಮ್ಮಣ್ಣ ರಾಜಧಾನಿಯವರ ಬಾಯಿ ಮುಚ್ಚಿಸಿ ಬಂದ!" ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದ್ದ. ಆ ಮೀನಿನ ರುಚಿ ಹಾಜಿಯ ನಾಲಗೆಯ ಮೇಲೆ ಈಗ ವಿಷವಾಗಿತ್ತು.

ಸಾವಿನ ನಲವತ್ತನೆಯ ದಿನ ಝುಹ್ರಾಳ ಮನೆಯಲ್ಲಿ ಕುರಾನ್ ಪಠಣ ಮುಗಿದು ಅಂಗಳದಲ್ಲಿ ಕುಸ್‌ಕುಸ್ ಊಟ ಬಡಿಸುತ್ತಿದ್ದಾಗ ರಿಯಾದ್ ಬಂದ. ಹಾಜಿಯ ಪಕ್ಕದಲ್ಲೇ ಕೂತು ಚೆನ್ನಾಗಿ ಉಂಡ.

"ನಿಯಮ ಮತ್ತೆ ಎದ್ದಿದೆ ಹಾಜಿ. ಗುರುವಾರ ಸಮಿತಿ ಕೂರುತ್ತೆ. ನೀವೇ ಮಾತಾಡ್ಬೇಕು."

"ಏನಂತ?"

"ಹೋದ್ಸಲ ಹೇಳಿದ್ದೇ. ಜೊತೆಗೊಂದು ಮಾತು ಸೇರ್ಸಿ. ತಮ್ಮನ್ನ ಕಳ್ಕೊಂಡೆ, ಆದ್ರೂ ಹಳೇ ಪದ್ಧತೀನೇ ಸರಿ ಅಂತ. ಅದು ನಿಮ್ಮ ಬಾಯಿಂದ ಬಂದ್ರೆ ಕಲ್ಲೂ ಕರಗುತ್ತೆ."

"ಅವನ ಹೆಣಾನೂ ಅಗೆದು ತರ್ಲಾ? ಬಸ್ಸಲ್ಲಿ ಮುಂದಿನ ಸೀಟು ಕೊಡ್ತೀಯಾ?"

"ಛೆ, ಹಾಜಿ, ಇದೇನು ಮಾತು!"

"ಝುಹ್ರಾಗೆ ದುಡ್ಡಿಲ್ಲ ಅಂತ ಕಂಪನಿ ಕೈ ಎತ್ತಿದೆ. ನಿನ್ನ ಸಂಘ ಅವಳಿಗೋಸ್ಕರ ಒಂದು ಪತ್ರ ಬರೀತಾ?"

"ಅದು ಬೇರೆ ವಿಷಯ. ಕಂಪನಿಯೋರನ್ನ ಈಗ ಎದುರು ಹಾಕ್ಕೊಳ್ಳೋಕಾಗುತ್ತಾ? ಬಸ್ಸು ಯಾರದು ಅಂದ್ಕೊಂಡ್ರಿ?"

ಹಾಜಿಯ ಕೈಯ ತುತ್ತು ತಟ್ಟೆಗೆ ಬಿತ್ತು. ಹೋದ ವರ್ಷ ಹತ್ತಿದ್ದು ಕಂಪನಿಯ ಬಸ್ಸು!

"ಪುಟ ಹದಿನಾಲ್ಕು ನೀನು ಓದಿದ್ಯಾ, ರಿಯಾದ್?"

"ಅದನ್ನೆಲ್ಲ ಯಾರು ಓದ್ತಾರೆ ಹಾಜಿ!" ಎಂದು ಅವನು ಸಾವಿನ ಮನೆಯಲ್ಲಿ ನಕ್ಕ.

ಒಳಬಾಗಿಲಲ್ಲಿ ಝುಹ್ರಾ ನಿಂತಿದ್ದಳು. ಕೈಯಲ್ಲಿ ಪಾಲಿಸಿ ಇತ್ತು.

"ಇವ್ರು ಓದ್ತಿದ್ರು, ಭಾವ," ಎಂದಳು. "ನಮ್ಮೆಜಮಾನ್ರು. ದಿನಾ ಪೇಪರು ಮೊದಲಿಂದ ಕೊನೇ ತನಕ ಓದ್ತಿದ್ರು. ಮೂರು ಜನ ಬೇಕು ಅಂತ ಕಂಡಿದ್ರೆ ನನ್ನ ತಮ್ಮನ್ನೂ ಕರ್ಕೊಂಡ್ ಹೋಗ್ತಿದ್ರು. ಅವರ ಕೈಗೆ ಯಾಕೆ ಕೊಡ್ಲಿಲ್ಲ ನೀವು?"

ಝುಹ್ರಾ ಪಾಲಿಸಿಯ ಕೊನೆಯ ಪುಟ ತೆಗೆದು ಹಾಜಿಯ ಮುಂದೆ ಹಿಡಿದಳು.

"ವಕೀಲರಿಗೆ ತೋರಿಸ್ದೆ. ಈ ಅಕ್ಷರ ಇವರದಲ್ಲ ಅಂತ ರುಜುವಾತಾದ್ರೆ ಪುಟ ಹದಿನಾಲ್ಕು ನಿಲ್ಲಲ್ವಂತೆ. ಆದ್ರೆ ಬರೆದೋರೇ ಬಾಯಿಬಿಟ್ಟು ಹೇಳ್ಬೇಕಂತೆ."

"ಹೇಳಿದೋರು ಜೈಲಿಗೂ ಹೋಗ್ಬೇಕಾಗುತ್ತಮ್ಮ," ಎಂದು ರಿಯಾದ್ ಎದ್ದು ಕೈ ತೊಳೆಯಲು ಹೋದ.

ಗುರುವಾರ ಹಾಜಿ ಅದೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಯಾರೊಡನೆಯೂ ಮಾತಾಡಲಿಲ್ಲ. ದುಃಖ ಇನ್ನೂ ಹಸಿ ಎಂದು ಏಜೆಂಟರು ಸುಮ್ಮನಿದ್ದರು. ಅದು ಸಿಟ್ಟೆಂದು ಒಬ್ಬರಿಗೂ ಹೊಳೆಯಲಿಲ್ಲ.

ಸಮಿತಿಯ ಕೊಠಡಿಯಲ್ಲಿ ಬಿಸ್ಮಿಲ್ಲಾ ಹೇಳಿ ಎದ್ದು ನಿಂತರು.

"ಹೋದ ವರ್ಷ ಇಲ್ಲೇ ನಿಂತು ನಾನು ಹೇಳಿದ್ದು ಸುಳ್ಳು. ನಮ್ಮ ಮಾತು ಅವರಿಗೆ ಕಾಗದ ಅಂದೆ. ಕಾಗದದಲ್ಲಿ ಏನಿದೆ ಅಂತ ನನಗೇ ಗೊತ್ತಿರ್ಲಿಲ್ಲ." ಮಬ್ರೂಕ್‌ನ ಪಾಲಿಸಿಯನ್ನು ಮೇಜಿನ ಮೇಲಿಟ್ಟರು. ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಎಡಗೈಯಿಂದ ಬರೆದರು: ಓದಿ ಒಪ್ಪಿದ್ದೇನೆ. "ಎರಡನ್ನೂ ಹೋಲಿಸಿ ನೋಡಿ. ಸತ್ತವನ ಹೆಸರಲ್ಲಿ ಬರೆದ ಕೈ ಇದೇ."

"ದುಃಖದಲ್ಲಿ ಇವರ ತಲೆ ಕೆಟ್ಟಿದೆ!" ರಿಯಾದ್ ಚೀರಿದ.

"ಕೆಟ್ಟಿದ್ದು ಹೋದ ವರ್ಷ ಕಣೋ! ನೀನು ಕೊಟ್ಟ ಹೋಟೆಲ್ ಊಟ ಉಂಡಾಗ ಕೆಟ್ಟಿದ್ದು! ಇಲ್ಲಿ ಕೂತಿದ್ದಾರಲ್ಲ ಇಷ್ಟೂ ಜನ, ಒಬ್ಬೊಬ್ಬರ ಜೇಬಲ್ಲೂ ಮೂರು ಮೂರು ಪೆನ್ನಿವೆ. ತೆಗ್ಸಿ ನೋಡಿ!"

ಏಜೆಂಟನೊಬ್ಬ ಗಾಬರಿಯಿಂದ ಜೇಬು ಮುಚ್ಚಿಕೊಂಡ.

ಸಮಿತಿಯ ಅಧ್ಯಕ್ಷೆ ಮೆಲ್ಲಗೆ ಕೇಳಿದರು, "ಹಾಜಿ, ಇದನ್ನ ಬರ್ಕೊಂಡ್ರೆ ನಿಮ್ಮ ಪರವಾನಗಿ ಹೋಗುತ್ತೆ. ಕೇಸೂ ಆಗ್ಬಹುದು. ಬರ್ಕೊಳ್ಳೋದಾ?"

"ಬರ್ಕೊಳ್ಳಿ ತಾಯಿ. ಬರೆದು ನನಗೆ ಓದಿ ಹೇಳಿ, ಒಂದಕ್ಷರ ಬಿಡದೆ. ಆಮೇಲೆ ಸಹಿ ಹಾಕ್ತೀನಿ. ಒಂದು ಪ್ರತಿ ನನ್ನ ತಮ್ಮನ ಹೆಂಡತಿಗೆ ಬೇಕು."

ಅವರು ಓದಿದರು. ಹಾಜಿ ಕೇಳಿಸಿಕೊಂಡು ಬಲಗೈಯಿಂದ ಸಹಿ ಹಾಕಿದರು.

ಹಿಂದಿರುಗುವಾಗ ಬಸ್ಸಿನ ಬಾಗಿಲು ಅವರಿಗೆ ತೆರೆಯಲಿಲ್ಲ. ಮಹದಿಯಾದ ಬಾಡಿಗೆ ಕಾರಿನಲ್ಲಿ ಏಳು ಜನರ ನಡುವೆ ಒತ್ತಿಕೊಂಡು ಬಂದರು. ಪ್ರತಿಯನ್ನು ಝುಹ್ರಾಳ ಕೈಗೆ ಕೊಟ್ಟಾಗ ಅವಳು ಅಲ್ಲೇ ನಿಂತು ಪೂರ್ತಿ ಓದಿದಳು. "ಒಳಗೆ ಬನ್ನಿ" ಎನ್ನಲಿಲ್ಲ. ಹಾಜಿಯೂ ಅದನ್ನು ನಿರೀಕ್ಷಿಸಿರಲಿಲ್ಲ.

ಸಂಜೆಯ ನಮಾಜಿಗೆ ಇನ್ನೂ ಹೊತ್ತಿತ್ತು. ದೀಪಸ್ತಂಭದ ಕೆಳಗೆ, ಸಮುದ್ರಕ್ಕೆ ಇಳಿಯುವ ಬಿಳಿ ಗೋರಿಗಳ ನಡುವೆ ಮಬ್ರೂಕ್‌ನದು ಹೊಸದು, ಹಿಂದಿನ ದಿನ ಬಳಿದ ಸುಣ್ಣ ಇನ್ನೂ ಆರಿರಲಿಲ್ಲ. ಎದೆಯೊಳಗಿನ ಕಿಚ್ಚೂ ಆರಿರಲಿಲ್ಲ. ಹಾಜಿ ಮಂಡಿಯೂರಿ ಎರಡೂ ಅಂಗೈಗಳನ್ನು ಬಿಚ್ಚಿದರು.

"ಯಾ ಅಲ್ಲಾಹ್, ನನ್ನನ್ನು ಆಮೇಲೆ ವಿಚಾರಿಸಿಕೋ, ಮೊದಲು ನನ್ನ ತಮ್ಮನನ್ನು ಮನ್ನಿಸು. ನೀರಿನಲ್ಲಿ ಸತ್ತವನನ್ನು ಹುತಾತ್ಮರ, ಶಹೀದರ ಸಾಲಿಗೆ ಸೇರಿಸು. ಅವನ ಗೋರಿಯನ್ನು ಅಗಲ ಮಾಡು, ಅದರೊಳಗೆ ಬೆಳಕಿಡು. ಸತ್ತವರೆಲ್ಲ ಎದ್ದು ನಿಲ್ಲುವ ದಿನ ಅವನ ಕರ್ಮಪತ್ರವನ್ನು, ಪುಣ್ಯವಂತರಿಗೆ ಕೊಡುವಂತೆ, ಅವನ ಬಲಗೈಗೆ ಕೊಡು. ಅದನ್ನು ಅವನೇ ಓದಿಕೊಳ್ಳಲಿ. ಅಲ್ಲಿಯವರೆಗೆ ಅವನಿಗೆ ಶಾಂತಿ ಕೊಡು. ಆಮೀನ್."