ಹಲಗೆಯ ಮೇಲೆ ಉಳಿಯದ ಚಪ್ಪಲಿ

ಏಸಿ ಗಾಳಿ ನೇರ ಕತ್ತಿಗೇ ಬೀಳುತ್ತಿದೆ, ಬುರ್ಖಾದೊಳಗಿನ ಬೆವರು ತಣ್ಣಗಾಗುತ್ತಿದೆ, ಇಂದಿರಾನಗರದ ಈ ಬಂಗಲೆಯಲ್ಲಿ ಹಿಂದೆ ಯಾರೋ ಸಂಸಾರ ಮಾಡಿದ್ದಿರಬೇಕು, ಈಗ ಟೂರಿನವರ ಆಫೀಸು, ದೇವರ ಗೂಡಿನಲ್ಲಿ ಈಗ ಕಾಫಿ ಮಷೀನು — ಎದುರಿನ ಟಿವಿಯಲ್ಲಿ ಅದೇ ದ್ವೀಪ ಮತ್ತೆ ಮತ್ತೆ ಬರುತ್ತಿದೆ, ಹಸಿರು, ನೀರು, ಕೊಕ್ಕರೆ, ಕೆಸರಿನಿಂದ ಮೇಲೆದ್ದು ನಿಂತ ಬೇರುಗಳು, ಕೆಳಗೆ ಅಕ್ಷರ, ಮನುಷ್ಯರಿಲ್ಲದ ಕಾಂಡ್ಲಾ ಮರಗಳ ದ್ವೀಪ, ಹಕ್ಕಿಗಳ ಜೊತೆ ಒಂದು ದಿನ. ಟಿವಿ ಆರಿಸಮ್ಮ ಎಂದು ಕೌಂಟರಿನ ಹುಡುಗಿಗೆ ಹೇಳಬೇಕು. ಹಕ್ಕಿ ಫೋಟೊ ತೆಗೆಯುವ ಹುಚ್ಚು ನನ್ನ ಉಮೈರ್‌ಗೆ, ಗುರುತಿಲ್ಲದವರ ಜೊತೆ ಟೂರಿಗೆ ಸೇರಿ ಹೋದ, ನಿನ್ನೆ ಸಂಜೆ ದ್ವೀಪದಿಂದ ಎರಡು ದೋಣಿ ದಡಕ್ಕೆ ವಾಪಸ್ ಬಂದವು, ಈ ದೋಣಿಯವರು ಆ ದೋಣಿಯಲ್ಲಿದ್ದಾನೆ ಅಂದುಕೊಂಡರು, ಆ ದೋಣಿಯವರು ಈ ದೋಣಿಯಲ್ಲಿ, ಚಹಾ ಕುಡಿಯುವಾಗ ನೋಡಿದರೆ ಹುಡುಗನಿಲ್ಲ. ಅವನ ಅಬ್ಬಾ ಕಲೀಮುಲ್ಲಾ ರಾತ್ರಿಯೇ ಬಸ್ಸು ಹತ್ತಿದರು, ಈಗ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಫೋಟೊ ಹಿಡಿದು ಕಂಡಕಂಡವರನ್ನು ಕೇಳುತ್ತಿದ್ದಾರೆ, ದೋಣಿ ಇಳಿದು ದಡದಿಂದ ಎಲ್ಲೋ ಹೋಗಿದ್ದಾನೆ ಅಂತಲೇ ಎಲ್ಲರ ಮಾತು, ಯಾಕೆ ಹೋಗುತ್ತಾನೆ, ಶಿವಾಜಿನಗರದಿಂದ ಫ್ರೇಜರ್ ಟೌನಿಗೆ ಹೋದರೂ ಫೋನು ಮಾಡುವ ಮಗು, ಈಗ ಅವನ ಫೋನು ಸ್ವಿಚ್ ಆಫ್. ಕೌಂಟರಿನ ತೇಜಶ್ರೀ ನೀರು ತಂದಿಡುತ್ತಾಳೆ, ನನ್ನ ಮಗಳು ಇಕ್ರಾಳ ವಯಸ್ಸಿನವಳು, ಇನ್ನು ಮುಂದೆ ಹೆಸರು ಕೂಗಿಯೇ ದೋಣಿ ಹತ್ತಿಸುತ್ತಾರಂತೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಹಾಗಾದರೆ ಇದುವರೆಗೆ ಹೇಗೆ ಹತ್ತಿಸುತ್ತಿದ್ದಿರಿ ಎಂದು ಕೇಳುತ್ತೇನೆ. ಚಪ್ಪಲಿ ಲೆಕ್ಕ ಆಂಟಿ, ಕೆಸರಲ್ವಾ, ದ್ವೀಪದಲ್ಲಿ ಇಳಿಯೋವಾಗ ಎಲ್ರೂ ಅಲ್ಲಿನ ಹಲಗೆ ಮೇಲೆ ಬಿಟ್ಟು ಹೋಗ್ತಾರೆ, ವಾಪಸ್ ಬರೋವಾಗ ಹಲಗೆ ಖಾಲಿ ಆದ್ರೆ ಎಲ್ರೂ ಬಂದ್ರು ಅಂತ, ನಿನ್ನೆ ಒಂದು ಜೊತೆನೂ ಉಳಿದಿರ್ಲಿಲ್ಲ, ಅದಕ್ಕೇ ದ್ವೀಪದಲ್ಲಿ ಹುಡುಕ್ತಾ ಇಲ್ಲ.

ಹಿಂದೊಂದು ಶುಕ್ರವಾರ, ಜುಮ್ಮಾ ನಮಾಜಿನ ದಿನ, ಉಮೈರ್‌ನದು ಹೊಸ ಚಪ್ಪಲಿ, ಮಸೀದಿ ಮೆಟ್ಟಿಲಲ್ಲಿ ಬಿಟ್ಟು ಒಳಗೆ ಹೋದ, ಹೊರಗೆ ಬಂದರೆ ಇಲ್ಲ, ಸುಡುವ ಟಾರಿನ ಮೇಲೆ ಕುಣಿಯುತ್ತಾ ಮನೆಗೆ ಬಂದ, ಅವನ ಅಬ್ಬಾ ಬೈದರು, ಅಂದಿನಿಂದ ಅವನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರ್, ಇಡುವವಳು ನಾನೇ, ಚಪ್ಪಲಿ ಬಿಚ್ಚಿದರೆ ಕವರಿಗೆ ಹಾಕಿ ಕೈಯಲ್ಲೇ ಇಟ್ಟುಕೋ ಬೇಟಾ, ನಮ್ಮ ಗಲ್ಲಿಯ ಗಂಡಸರೆಲ್ಲ ಹಾಗೇ ಅಲ್ಲವೇ, ಹಣೆ ನೆಲಕ್ಕೆ ಹಚ್ಚಿ ಸಜ್ದಾ ಮಾಡುವಾಗಲೂ ಕವರ್ ಮುಂದೆಯೇ, ಟೂರಿಗೆ ಹೊರಟಾಗಲೂ ಮಡಿಚಿ ಜೇಬಿಗೆ ತುರುಕಿದೆ, ಅಮ್ಮಿ, ಅಲ್ಲಿ ಯಾರ್ ಕದೀತಾರೆ, ಕೊಕ್ಕರೆನಾ ಎಂದು ನಕ್ಕ, ನಕ್ಕರೂ ಇಟ್ಟುಕೊಂಡ. ಬಿಟ್ಟಿರುವುದಿಲ್ಲ, ಹಲಗೆಯ ಮೇಲೆ ಅವನು ಬಿಟ್ಟಿರುವುದೇ ಇಲ್ಲ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿದೆ, ಚಪ್ಪಲಿ ಅವನ ಕೈಯಲ್ಲೇ ಇತ್ತಮ್ಮ, ಅವನು ದ್ವೀಪದಲ್ಲೇ ಇದ್ದಾನೆ, ದೋಣಿ ಕಳಿಸು. ಹುಡುಗಿ ಫೋನಿನಲ್ಲಿ ದೋಣಿಯವನಿಗೆ ಚಪ್ಪಲಿ, ಕವರ್, ಮಸೀದಿ ಎಂದು ತಡವರಿಸುತ್ತಾಳೆ, ಹೊರಟರಂತೆ, ಈಗ ಹೊರಟರಂತೆ, ಒಂದು ರಾತ್ರಿ ಕಳೆದ ಮೇಲೆ. ಅಲ್ಲಿ ನೀರು ಎಷ್ಟು ಬರುತ್ತದೆ ಎಂದು ಕೇಳಿದರೆ ಫೋನು ಕೆಳಗಿಟ್ಟು ಹೇಳುತ್ತಾಳೆ, ಉಬ್ಬರ ಬಂದ್ರೆ ದ್ವೀಪ ಪೂರ್ತಿ ಮುಳುಗುತ್ತೆ ಆಂಟಿ, ಮರದ ತಲೆ ಅಷ್ಟೇ ಕಾಣ್ಸೋದು. ಈಜು ಬಾರದು ಅವನಿಗೆ, ಹಲಸೂರು ಕೆರೆಗೆ ಇಳಿದರೆ ಕಾಲು ಮುರಿಯುತ್ತೇನೆ ಎಂದು ಬೆಳೆಸಿದವಳು ನಾನು, ಮರ ಹತ್ತಿರುತ್ತಾನೆ, ಹತ್ತಿರುತ್ತಾನೆ ಅಲ್ಲವೇ, ಕಣ್ಣು ಮುಚ್ಚಿದರೆ ಕತ್ತಲು, ಕೆಸರು, ಆ ಬೇರುಗಳ ನಡುವೆ ನನ್ನ ಮಗು, ನೀರು ಸೊಂಟಕ್ಕೆ ಬಂದಿದೆ, ಎದೆಗೆ, ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈ ಮೇಲೆ, ನೆನೆಯದ ಹಾಗೆ ತಲೆಯ ಮೇಲೆ ಎತ್ತಿ ಹಿಡಿದ ಕವರ್, ಬಿಡು ಬೇಟಾ, ಎರಡೂ ಕೈಯಲ್ಲಿ ಕೊಂಬೆ ಹಿಡಿ, ಚಪ್ಪಲಿ ಹೋದರೆ ಹೋಗಲಿ, ಯಾರೂ ಬೈಯುವುದಿಲ್ಲ, ನೀರು ಕತ್ತಿಗೆ ಬಂದಿದೆ, ಕೈ ಮೇಲೇ ಇದೆ, ಬಿಡು, ಉಮೈರ್ — ಅವನು ಬಿಡುವುದಿಲ್ಲ.