ಊಟದ ನಂತರದ ಡಿಸ್ಕೊ

ಪಲ್ಲವಿ ಮುಗಿಯುವಷ್ಟರಲ್ಲಿ ಒಂದು ಕಾಲರ್ ಮುಗಿಯಬೇಕು. ಇವತ್ತೂ ಮುಗಿಯಲಿಲ್ಲ. ಸೂಜಿ ಇನ್ನೂ ಮೂಲೆ ತಿರುಗುತ್ತಿದ್ದಾಗಲೇ ಸ್ಪೀಕರಿನಲ್ಲಿ ಚರಣ ಶುರುವಾಗಿಬಿಟ್ಟಿತು.

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಅವರವರು ಹೊಲಿಯುವ ಭಾಗವೇ ಹೆಸರು. ಇವಳು ಕಾಲರಕ್ಕ, ಪಕ್ಕದವಳು ತೋಳಕ್ಕ. ಊಟವಾದ ಮೇಲೆ ಯಾರೂ ತೂಕಡಿಸದಿರಲೆಂದು ಸೂಪರ್‌ವೈಸರ್ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದ. ಒಂದು ಕಾಲಕ್ಕೆ ಊರನ್ನೆಲ್ಲ ಕುಣಿಸಿದ ಹೆಸರಾಂತ ಪಾಪ್ ತಂಡದ ಡಿಸ್ಕೊ ಪ್ರೇಮಗೀತೆ. ನಲ್ಲನಿಲ್ಲದೆ ರಾತ್ರಿ ಕಳೆಯದು ಎಂಬ ಗೋಳು. ರಾತ್ರಿ ಯಾವಾಗ ಕಳೆಯಿತೆಂದೇ ತಿಳಿಯದಷ್ಟು ದಣಿದ ಹೆಂಗಸರು ಅದರ ತಾಳಕ್ಕೆ ಪೆಡಲ್ ಒತ್ತುತ್ತಿದ್ದರು.

ಈ ವಾರವೂ ತಾಳ ತಪ್ಪಿದರೆ ದಾರ ಕತ್ತರಿಸುವ ಮೇಜಿಗೆ ಹಾಕುತ್ತೇನೆಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಕಣ್ಣು ಮಂಜಾದವರು, ಸೊಂಟ ಬಿದ್ದವರು ಕೂರುವ ಜಾಗ ಅದು, ಸಂಬಳ ಅರ್ಧ. ವಯಸ್ಸಾಯಿತು, ಕೈ ಸೋತಿತು ಎಂದು ಕಾಲರಕ್ಕನೇ ನಂಬಿದ್ದಳು.

ಆದರೂ ಮನಸ್ಸು ತಡೆಯದೆ ಮನೆಯಲ್ಲಿ ಅಭ್ಯಾಸಕ್ಕೆ ಕೂತಳು. ಮದುವೆಯಾದ ಹೊಸತರಲ್ಲಿ ಗಂಡ ತಂದಿದ್ದ ಅದೇ ಹಾಡಿನ ಕ್ಯಾಸೆಟ್ಟು ಹಾಕಿ, ಬಟ್ಟೆಯ ತುಂಡೊಂದನ್ನು ಮಡಿಲಲ್ಲಿಟ್ಟುಕೊಂಡು ಕೈಕಾಲು ಆಡಿಸಿದಳು. ಹುಸಿ ಕಾಲರ್ ಮುಗಿದರೂ ಪಲ್ಲವಿ ಇನ್ನೂ ತೆವಳುತ್ತಲೇ ಇತ್ತು.

"ಮಿಷನ್ನೇ ಇಲ್ದೆ ಹೊಲಿಯೋದಾದ್ರೆ ನಂಗೊಂದು ಸೂಟು ಹೊಲ್ದುಬಿಡು," ಎಂದ ಗಂಡ, ಮಲಗಿದಲ್ಲಿಂದಲೇ.

ಟೇಪ್ ರೆಕಾರ್ಡರ್ ಕೆಟ್ಟಿದೆಯೆಂದು ಅವಳು ಅದನ್ನು ರಿಪೇರಿಗೆ ಒಯ್ದಳು. ಅಂಗಡಿಯವನು ಬಿಚ್ಚಿ ನೋಡಿದ, ಬೇರೆ ಕ್ಯಾಸೆಟ್ಟುಗಳನ್ನು ಹಾಕಿ ಕೇಳಿದ.

"ಇದಕ್ಕೇನೂ ಆಗಿಲ್ಲಮ್ಮ. ಈ ಹಾಡು ಇರೋದೇ ಇಷ್ಟು ನಿಧಾನ. ಪ್ರೀತಿ ಹಾಡಲ್ವಾ?"

ಮರುದಿನ ಬುತ್ತಿ ಬಿಚ್ಚುವಾಗ ತೋಳಕ್ಕನಿಗೆ ಹೇಳಿದಳು: ಇಲ್ಲಿ ಹಾಡನ್ನು ಬೇಕೆಂದೇ ವೇಗವಾಗಿ ಓಡಿಸುತ್ತಿದ್ದಾರೆ. ತೋಳಕ್ಕ ತಲೆಯೆತ್ತಲಿಲ್ಲ. "ನಂಗೊತ್ತು ಕಣೆ. ಕೇಳಿದ್ರೆ ಹಾಡೇ ನಿಲ್ಲಿಸ್ತಾರೆ. ಆಮೇಲೆ ನಿದ್ದೆ ಬಂದ್ರೆ ನೀನು ಬಂದು ಚಿವುಟ್ತೀಯಾ?"

ಆದರೂ ಕಾಲರಕ್ಕ ಹೋಗಿ ಕೇಳಿದಳು. ಸೂಪರ್‌ವೈಸರನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. ಮೇಲಿನವರು ಹೇಳಿದಂತೆ ಆಗಾಗ ಒಂದಿಷ್ಟು ವೇಗ ಏರಿಸುತ್ತ ಬಂದದ್ದನ್ನು ಅವನು ಮುಚ್ಚಿಡಲಿಲ್ಲ. "ಹಾಡು ಬೇಡ್ವಾ ಅಕ್ಕ? ಸರಿ," ಎಂದು ಸ್ವಿಚ್ಚು ಆರಿಸಿದ.

ಹೆಂಗಸರು ಒಮ್ಮೆ ತಲೆಯೆತ್ತಿ ಅವಳತ್ತ ನೋಡಿ ಮತ್ತೆ ಬಗ್ಗಿದರು. ಈಗ ನಿಧಾನವಾದೀತು ಎಂದು ಅವಳು ಕಾದಳು. ಪೆಡಲ್‌ಗಳ ಓಟ ತಗ್ಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಆ ಹಾಡನ್ನೇ ಗುನುಗತೊಡಗಿದರು, ಸ್ಪೀಕರಿನಷ್ಟೇ ಅವಸರದಲ್ಲಿ. ತೋಳಕ್ಕನೂ ದನಿಗೂಡಿಸಿದಳು. ಕಾಲರಕ್ಕನ ಮೇಜಿನ ಮೇಲೆ ಕತ್ತರಿಸಿದ ಬಟ್ಟೆ ಬಂದು ಬೀಳುತ್ತಲೇ ಇತ್ತು; ಮೇಲಿನದೊಂದು ಜಾರಿ ಅವಳ ಪಾದದ ಮೇಲೆ ಬಿತ್ತು.