ಹಾಸಿನ ಮೊದಲ ಸೀರೆ

ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರು. ಬಂದಾಗ ಆ ಬೀದಿಯ ಹೆಂಗಸರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಶಕುಂತಲ ಎರಡು ಕೊಡ ತುಂಬಿಸಿ ಪಕ್ಕಕ್ಕಿಟ್ಟು, ಮೂರನೆಯದನ್ನು ನಲ್ಲಿಯ ಕೆಳಗೆ ಒಡ್ಡಿದ್ದಳು. ಒಳಗೆ ನಾಲ್ಕು ಮಗ್ಗಗಳೂ ಓಡುತ್ತಿದ್ದವು. ಆ ಸದ್ದಿನಲ್ಲಿ ಅವಳಿಗೆ ಸೈಕಲ್ ಬೆಲ್ಲು ಕೇಳಿಸಲಿಲ್ಲ. ತಲೆಯೆತ್ತಿದಾಗ ಲಕ್ಷ್ಮಯ್ಯ ಮೇಷ್ಟ್ರು ಎದುರಿಗೇ ನಿಂತಿದ್ದರು. ಕಂಕುಳಲ್ಲಿ ಪೇಪರ್ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ.

ಮೇಷ್ಟ್ರು ರಿಟೈರಾದ ಮೇಲೆ ಊರಿನ ಸಹೃದಯ ಸೇವಾ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದರು. ವರ್ಷಕ್ಕೊಮ್ಮೆ ಕ್ಲಬ್ಬಿನವರು ಛತ್ರದಲ್ಲಿ ಬಡವರಿಗೆ ಕಣ್ಣಿನ ಆಪರೇಷನ್ ಶಿಬಿರ ಮಾಡಿಸುತ್ತಿದ್ದರು. ಅದಕ್ಕೆ ಅವರು ಹುಡುಕಿಕೊಂಡ ಕಾಲ ಪಿತೃಪಕ್ಷ. ಆ ಹದಿನೈದು ದಿನ ಯಾರೂ ಮದುವೆ ಮಾಡುವುದಿಲ್ಲ, ಛತ್ರ ಖಾಲಿ ಬಿದ್ದಿರುತ್ತದೆ, ಬಾಡಿಗೆ ಕೇಳುವುದಿಲ್ಲ. ಖರ್ಚಿಗೆ ಮಗ್ಗದ ಮನೆಗಳಿಂದ ಒಂದೊಂದು ರೇಷ್ಮೆ ಸೀರೆ ದಾನವಾಗಿ ಪಡೆದು ಛತ್ರದ ಬಾಗಿಲಲ್ಲೇ ಮಾರಾಟಕ್ಕಿಡುತ್ತಿದ್ದರು. ಸುತ್ತಲ ಹಳ್ಳಿಗಳವರು ತಮ್ಮ ಮನೆಯ ಹಿರಿಯರಿಗೆ ಎಡೆಯ ಮುಂದಿಡಲು ಹೊಸ ಬಟ್ಟೆ ಕೊಳ್ಳುವ ಕಾಲವೂ ಅದೇ ಆದ್ದರಿಂದ, ಸೀರೆ ಉಳಿದದ್ದೇ ಇರಲಿಲ್ಲ. ತೊಂಬತ್ತೊಂದರ ಆ ವರ್ಷ ಮಾತ್ರ ಒಂದು ಸೀರೆ ವಾಪಸು ಬಂದಿತ್ತು.

ಮೇಷ್ಟ್ರು ಪೊಟ್ಟಣ ಚಾಚಿದರು. "ಶಕುಂತಲಮ್ಮ, ತಪ್ಪು ತಿಳ್ಕೋಬೇಡಿ. ನೀವು ಕೊಟ್ಟಿದ್ದು ಉಟ್ಟ ಸೀರೆ ಅಂತಿದಾರೆ."

ಅವಳಿಗೆ ಅರ್ಥವಾಗಲಿಲ್ಲ. ಆ ಸೀರೆಯನ್ನು ಮಗ್ಗದಿಂದ ಕತ್ತರಿಸಿದವಳು ಅವಳೇ. ಮಡಿಸಿದವಳೂ ಅವಳೇ.

ಮೇಷ್ಟ್ರು ನಿಧಾನವಾಗಿ ಹೇಳಿದರು. ತೂಬಗೆರೆಯ ಒಬ್ಬ ಹೆಂಗಸು ಅದನ್ನು ತನ್ನ ಅತ್ತೆಯ ಎಡೆಗೆಂದು ಕೊಂಡಿದ್ದಳಂತೆ. ಎಲೆ ಬಡಿಸಿ, ಸೀರೆ ಬಳೆ ಇಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಪದ್ಧತಿಯಂತೆ ಬಾಗಿಲು ಮುಂದೆ ಮಾಡಿಕೊಂಡು ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತಿದ್ದರು. ಬಾಗಿಲು ತೆಗೆದಾಗ ಮಡಿಕೆ ಬಿಚ್ಚಿತ್ತು. ಸೊಂಟದ ಕಡೆ ನೆರಿಗೆ ಹಿಡಿದ ಗೆರೆಗಳು, ಸೆರಗಿನಲ್ಲಿ ತಲೆಗೆ ಹಚ್ಚುವ ಹರಳೆಣ್ಣೆಯ ವಾಸನೆ. ಎಲೆಯ ಮೇಲಿನ ಅನ್ನ ಹಾಗೇ ಇತ್ತು. ನಮ್ಮತ್ತೆ ಕುಳ್ಳಿ, ಇದನ್ನ ಉಟ್ಟೋಳು ಉದ್ದಕ್ಕಿದಾಳೆ, ಯಾರ ಸೀರೆಯೋ ಅವರಿಗೇ ಕೊಟ್ಬಿಡಿ ಎಂದು ಆ ಹೆಂಗಸು ದುಡ್ಡು ಕೂಡ ವಾಪಸು ಕೇಳದೆ ಬಸ್ಸು ಹತ್ತಿ ಹೋದಳಂತೆ.

ಕೊಡ ತುಂಬಿ ನೀರು ಶಕುಂತಲಳ ಪಾದದ ಮೇಲೆ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಲು ಮರೆತಿದ್ದಳು. ಹೊಸಿಲ ಮೇಲೆ ಏಳು ವರ್ಷದ ಮಗಳು ಪದ್ಮಶ್ರೀ ಹಲ್ಲುಜ್ಜುವ ಕೈಯನ್ನು ಬಾಯಲ್ಲೇ ನಿಲ್ಲಿಸಿ ಪೊಟ್ಟಣವನ್ನು ನೋಡುತ್ತಿದ್ದಳು.

ಆ ಸೀರೆ ಯಾರದ್ದೆಂದು ಶಕುಂತಲಳಿಗೆ ಗೊತ್ತಿತ್ತು. ಅವಳ ಮನೆಯಲ್ಲಿ ಒಂದು ನೇಮ. ಪಿತೃಪಕ್ಷಕ್ಕೆ ಮುಂಚೆ ಮಗ್ಗಕ್ಕೆ ಹೊಸ ಹಾಸಿನ ಎಳೆಗಳನ್ನು ಏರಿಸಿದಾಗ ಇಳಿಯುವ ಮೊದಲ ಸೀರೆ ಸರ್ವಮಂಗಳಳಿಗೆ. ಸರ್ವಮಂಗಳ ಅವಳ ಗಂಡ ಶಶಿಕುಮಾರನ ಮೊದಲ ಹೆಂಡತಿ. ಮುತ್ತೈದೆಯಾಗಿಯೇ ಹೋದವಳು. ಮೂರು ತಿಂಗಳ ಕೂಸನ್ನು ಬಿಟ್ಟು ಹೋಗಿದ್ದಳು. ಮಾರ್ನಮಿ ಅಮಾವಾಸ್ಯೆಯ ದಿನ ಎಡೆಯ ಮುಂದೆ ಆ ಸೀರೆ, ಹಸಿರು ಬಳೆ, ಅರಿಶಿನ ಕುಂಕುಮ ಇಡುವುದು. ಆಮೇಲೆ ಶಕುಂತಲ ಅದನ್ನು ಉಡುವುದು. ಆರು ವರ್ಷ ಅವಳು ಉಟ್ಟಿದ್ದಳು. ಆ ಕೂಸೇ ಪದ್ಮಶ್ರೀ, ಮನೆಯವರ ಪದ್ದು. ಮಗುವಿಗೆ ಹೇಳಬಾರದೆಂದು ಅತ್ತೆ ನರಸಮ್ಮ ಇಡೀ ಬೀದಿಯ ಬಾಯಿ ಕಟ್ಟಿದ್ದರು. ಬೀದಿ ಮಾತು ಉಳಿಸಿಕೊಂಡಿತ್ತು.

ಕಳೆದ ವರ್ಷ ಎಡೆಯ ಮುಂದೆ ಪದ್ದು ಆ ಬಳೆಗಳನ್ನು ತೋರಿಸಿ ಅವು ಯಾರಿಗೆ ಎಂದು ಕೇಳಿದ್ದಳು. ಅಜ್ಜಿಯ ಅಜ್ಜಿಗೆ ಎಂದಿದ್ದರು ನರಸಮ್ಮ. ಮಗು ಮತ್ತೆ ಕೇಳಲಿಲ್ಲ. ಬಳೆಯನ್ನೊಮ್ಮೆ, ಶಕುಂತಲಳನ್ನೊಮ್ಮೆ ನೋಡಿತು. ಅಂದಿನಿಂದ ಮಗಳ ಬಾಯಿ ಅರೆ ತೆರೆದು ಮುಚ್ಚಿಕೊಂಡಾಗಲೆಲ್ಲ ಶಕುಂತಲ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು, ಇಲ್ಲವೇ ಮಗ್ಗದ ಕಂಡಿಕೆಗೆ ಎಳೆ ಸುತ್ತಲು ಕೂರುತ್ತಿದ್ದಳು. ಮನೆಯಲ್ಲಿ ಕೆಲಸಕ್ಕೇನು ಬರವೇ.

ಈ ವರ್ಷ ಮೇಷ್ಟ್ರು ಸೀರೆ ಕೇಳಲು ಬಂದಾಗ ಅವಳ ಕೈ ತಾನಾಗಿಯೇ ಆ ಸೀರೆಯನ್ನು ಎತ್ತಿ ಕೊಟ್ಟಿತು. ಕುರುಡರಿಗೆ ಕಣ್ಣು ಬರುತ್ತದೆ, ಇದಕ್ಕಿಂತ ದೊಡ್ಡ ಎಡೆ ಯಾವುದು ಎಂದು ತನಗೆ ತಾನೇ ಹೇಳಿಕೊಂಡಳು. ಹಾಸಿನ ಎರಡನೆಯ ಸೀರೆಯನ್ನು ಮೊದಲನೆಯದೆಂದು ಅತ್ತೆಗೆ ತೋರಿಸಿ ಟ್ರಂಕಿನಲ್ಲಿಟ್ಟಳು. ಸತ್ತವಳ ಪಾಲನ್ನು ಹೀಗೆ ಒಂದೊಂದಾಗಿ ಮನೆಯಿಂದ ದಾಟಿಸಿದರೆ, ಮಗಳು ಪೂರ್ತಿ ತನ್ನವಳಾಗುತ್ತಾಳೆ ಎಂಬ ಆಸೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈಗಲೂ ಅವಳು ಸೀರೆಯನ್ನು ಮನೆಯೊಳಗೆ ಒಯ್ಯಲಿಲ್ಲ. ಆ ಹೆಂಗಸೇ ಉಟ್ಟುಕೊಂಡು ನೋಡಿ ಕಥೆ ಕಟ್ಟಿರಬೇಕು ಎಂದಳು. ಪಕ್ಕದ ಮನೆಯ ಇಸ್ತ್ರಿ ಪೆಟ್ಟಿಗೆ ತಂದು, ಜಗಲಿಯ ಮೇಲೇ ನೆರಿಗೆಯ ಗೆರೆಗಳನ್ನು ಒತ್ತಿ ತೆಗೆದು, ಮಡಿಸಿ, ಮತ್ತೆ ಪೇಪರ್ ಸುತ್ತಿ ದಾರ ಕಟ್ಟಿ, ಮೇಷ್ಟ್ರ ಕೈಗೇ ಕೊಟ್ಟಳು. ಬಟ್ಟೆ ಬಿಸಿಯಾದಾಗ ಹರಳೆಣ್ಣೆಯ ವಾಸನೆ ಎದ್ದು ಬಂತು. ಅವಳು ತಲೆಗೆ ಹಚ್ಚುತ್ತಿದ್ದುದು ಕೊಬ್ಬರಿ ಎಣ್ಣೆ.

ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೊತ್ತಾಯಿತೆಂದು ಬಾಚಣಿಗೆ ಹಿಡಿದು ಮಗಳನ್ನು ಕೂಗಿದಳು. ಪದ್ದು ಬಂದು ಬೆನ್ನು ತಿರುಗಿಸಿ ಕೂತಳು. ಜಡೆ ಆಗಲೇ ಹಾಕಿತ್ತು. ನಾಲ್ಕು ಎಳೆಯ ಜಡೆ, ಮಗ್ಗದಲ್ಲಿ ನೇಯ್ದ ಅಂಚಿನಷ್ಟು ಬಿಗಿ. ಶಕುಂತಲಳಿಗೆ ಬರುತ್ತಿದ್ದುದು ಮೂರೆಳೆಯದು ಮಾತ್ರ. ಯಾರು ಹಾಕಿದರು ಎಂದು ಕೇಳಿದಳು. ಮಗು ಹೆಗಲು ಕುಣಿಸಿತು. ಎದ್ದಾಗಲೇ ಹಾಕಿತ್ತು ಎಂದಿತು.

ನರಸಮ್ಮನ ಬೆರಳುಗಳು ವಾತದಿಂದ ಸೊಟ್ಟಗಾಗಿ ನಾಲ್ಕು ವರ್ಷವಾಗಿತ್ತು. ಬಟ್ಟಲು ಹಿಡಿಯಲೂ ಬಾರದು. ಆದರೂ ಅವರು ಹತ್ತಿರ ಬಂದು ಮೊಮ್ಮಗಳ ಜಡೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಗುರುತು ಹಿಡಿಯುವವರ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು.

"ಶಕುಂತಲಾ, ಟ್ರಂಕಿನಾಗಿರೋ ಸೀರೆ ಮೊದಲ್ನೇದು ತಾನೇ?"

"ಮೊದಲ್ನೇದೇ ಅತ್ತೆ," ಎಂದಳು ಶಕುಂತಲ. ಮಗಳ ಜಡೆಯನ್ನು ಬಿಚ್ಚಲು ಹೋದಳು. ತುದಿಯ ಗಂಟು ಮುಟ್ಟಿ ಬಿಟ್ಟುಬಿಟ್ಟಳು. ಹಾಗೆಯೇ ಸ್ಕೂಲಿಗೆ ಕಳಿಸಿದಳು. ಸಂಜೆಯವರೆಗೂ ಒಂದು ಕೂದಲೂ ಸಡಿಲವಾಗದೆ ಆ ಜಡೆ ವಾಪಸು ಬಂತು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಶಶಿಕುಮಾರ್ ಮಗಳ ತಲೆ ಸವರಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡು ಮಗ್ಗದ ಮನೆಗೆ ಹೋಗಿಬಿಟ್ಟ. ಆ ಮನೆಯಲ್ಲಿ ಯಾರೂ ಕೇಳುವ ರೂಢಿ ಇರಲಿಲ್ಲ.

ಅಮಾವಾಸ್ಯೆಗೆ ಒಂದು ದಿನ ಮುಂಚೆ ಛತ್ರದಲ್ಲಿ ಊಟ ಬಡಿಸುವ ಸರದಿ ಅವರ ಬೀದಿಯದು. ಮಗ್ಗದ ಮನೆಗಳ ಹೆಂಗಸರು ಅನ್ನ, ಹುರುಳಿಕಾಯಿ ಹುಳಿ, ಮಜ್ಜಿಗೆ ಮಾಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೋದರು. ಭಾನುವಾರವಾದ್ದರಿಂದ ಪದ್ದುವೂ ಜೊತೆಗಿದ್ದಳು. ಮದುವೆಗಳಲ್ಲಿ ಊಟದ ಪಂಕ್ತಿ ಕೂರುವ ಉದ್ದನೆಯ ಹಜಾರದಲ್ಲಿ ಈಗ ಚಾಪೆಗಳ ಸಾಲು. ಮೂವತ್ತೆಂಟು ಜನ, ಎಲ್ಲರ ಕಣ್ಣಿಗೂ ಬಿಳಿ ಪಟ್ಟಿ. ಯಾರೋ ನಡೆದ ಸದ್ದಾದರೆ ಮೂವತ್ತೆಂಟು ಮುಖಗಳೂ ಒಟ್ಟಿಗೇ ಅತ್ತ ತಿರುಗುತ್ತಿದ್ದವು. ಮಂಟಪದ ಮೇಲೆ ಹಳೆಯ ಮದುವೆಯೊಂದರ ಒಣಗಿದ ಮಾವಿನೆಲೆಯ ತೋರಣ ಇನ್ನೂ ನೇತಾಡುತ್ತಿತ್ತು.

ಪದ್ದು ಲೋಟ ಹಿಡಿದು ಮಜ್ಜಿಗೆ ಕೊಡುತ್ತ ಸಾಲಿನ ಕೊನೆಗೆ ಹೋದಳು. ಅಲ್ಲಿ ಗೋಡೆಗೆ ಒರಗಿ ನಲ್ಲೂರಿನ ಪಾಪಮ್ಮ ಎಂಬ ಮುದುಕಿ ಕೂತಿದ್ದಳು. ತಮಾಷೆಯ ಹೆಂಗಸು. ಕಣ್ಣು ಬಂದ ಮೇಲೆ ಮೊದಲು ನನ್ನ ಗಂಡನ್ನ ನೋಡಿ, ಇವನ ಜೊತೆ ನಲವತ್ತು ವರ್ಷ ಹೆಂಗೆ ಬಾಳಿದ್ನೋ ಅಂತ ಅತ್ತುಬಿಡ್ತೀನಿ ಎಂದು ಎಲ್ಲರನ್ನೂ ನಗಿಸಿದ್ದವಳು. ಶಕುಂತಲ ಎರಡು ಚಾಪೆ ಆಚೆ ಬಗ್ಗಿ ಅನ್ನ ಬಡಿಸುತ್ತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತು.

ಪಾಪಮ್ಮ ಮಜ್ಜಿಗೆ ಕುಡಿದು ಬಾಯೊರೆಸಿಕೊಂಡಳು. "ನಿಮ್ಮಮ್ಮಂಗೂ ಕೂತ್ಕಳಕ್ಕೆ ಹೇಳವ್ವ. ಆಗ್ಲಿಂದ ನಿನ್ ಹಿಂದೇನೇ ನಿಂತವ್ಳೆ. ಕಾಲು ನೋಯಾಕಿಲ್ವಾ?"

"ಅಮ್ಮ ಅಲ್ಲಿದಾಳೆ ಅಜ್ಜಿ, ಅನ್ನ ಬಡಿಸ್ತಾ."

ಮುದುಕಿ ತಲೆ ವಾರೆ ಮಾಡಿ ಆಲಿಸಿದಳು. "ಹಂಗಾದ್ರೆ ಇವ್ಳ್ಯಾರು? ಹೊಸ ರೇಷ್ಮೆ ಸರಬರ ಅಂತೈತೆ. ನಿನ್ ತಲೆ ನೇವರಿಸ್ತವ್ಳೆ, ಬಳೆ ಸದ್ದೂ ಕೇಳ್ತೈತೆ."

ಶಕುಂತಲ ಉಟ್ಟಿದ್ದುದು ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆ. ಅವಳು ನೆಟ್ಟಗೆ ನಿಂತು ನೋಡಿದಳು. ಮಗಳ ಹಿಂದೆ ಸುಣ್ಣದ ಗೋಡೆ ಮಾತ್ರ ಇತ್ತು. ಆದರೆ ಪದ್ದು ಹಿಂದೆ ತಿರುಗಿ ನೋಡಲಿಲ್ಲ. ಬೆಚ್ಚಲೂ ಇಲ್ಲ. ಬಿಸಿಲಿನಲ್ಲಿ ಬೆನ್ನು ಕಾಯಿಸಿಕೊಳ್ಳುವ ಮಕ್ಕಳ ಹಾಗೆ ಒಂಚೂರು ಹಿಂದಕ್ಕೆ ಒರಗಿ ನಿಂತಿದ್ದಳು. ಅವಳ ಜಡೆಯ ತುದಿ ತನ್ನಷ್ಟಕ್ಕೆ ಮೇಲೆದ್ದು, ಹೆಗಲ ಮುಂದಕ್ಕೆ ಬಂದು ಬಿತ್ತು.

ಮೂವತ್ತೆಂಟು ಬಿಳಿ ಪಟ್ಟಿಗಳೂ ಆ ಗೋಡೆಯ ಕಡೆಗೇ ತಿರುಗಿದ್ದವು.

ಶಕುಂತಲ ಅನ್ನದ ಪಾತ್ರೆಯನ್ನು ಅಲ್ಲೇ ಇಟ್ಟು ಮೇಷ್ಟ್ರನ್ನು ಹುಡುಕಿಕೊಂಡು ಹೋದಳು. ತಾನು ಕೊಟ್ಟ ಸೀರೆ ಎಲ್ಲಿ ಎಂದು ಕೇಳಿದಳು. ಒಂದು ಸಲ ವಾಪಸು ಬಂದ ಮೇಲೆ ಮಾರಲು ಮನಸ್ಸಾಗದೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ ಎಂದರು ಅವರು. ಕೀ ಅವರ ಜನಿವಾರಕ್ಕೇ ಕಟ್ಟಿತ್ತು. ಬೀರು ತೆಗೆದರು. ಪೊಟ್ಟಣ ಮೂಲೆಯಲ್ಲಿತ್ತು. ಪೇಪರ್ ಹರಿದಿರಲಿಲ್ಲ, ದಾರದ ಗಂಟು ಹಾಗೇ ಇತ್ತು. ಶಕುಂತಲ ಗಂಟು ಬಿಚ್ಚಿ ಕೈಯಿಟ್ಟಳು. ಸೀರೆ ಬೆಚ್ಚಗಿತ್ತು. ಈಗ ತಾನೇ ಮೈಯಿಂದ ಬಿಚ್ಚಿದ ಹಾಗೆ. ಒತ್ತಿ ತೆಗೆದಿದ್ದ ನೆರಿಗೆಯ ಗೆರೆಗಳು ಮತ್ತೆ ಮೂಡಿದ್ದವು. ಸೆರಗಿನ ಒಂದು ಕಡೆ ಅಂಗೈ ಅಗಲದಷ್ಟು ಒದ್ದೆ. ಮಜ್ಜಿಗೆ ಕುಡಿಸಿ ಮಗುವಿನ ಬಾಯಿ ಒರೆಸಿದರೆ ಆಗುವಷ್ಟು.

ಅದನ್ನು ಕಂಡ ಮೇಲೆ ಶಕುಂತಲಳಿಗೆ ಭಯವಾಗಬೇಕಿತ್ತು. ಆಗಲಿಲ್ಲ. ಹಾಗೆ ಬಾಯಿ ಒರೆಸಿದ ಸೆರಗುಗಳು ಅವಳ ಹತ್ತಿರ ಎಷ್ಟಿದ್ದವು. ಆರು ವರ್ಷದ ಜ್ವರ, ಕೆಮ್ಮು, ಅಳು, ಮೂಗು, ಎಲ್ಲ ಅವಳ ಸೆರಗಿಗೇ. ಇನ್ನೊಬ್ಬಳಿಗೆ ಸಿಕ್ಕಿದ್ದು ಮೂರೇ ತಿಂಗಳು. ವರ್ಷಕ್ಕೊಂದು ದಿನ, ಒಂದು ಸೀರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ. ಅದನ್ನೂ ತಾನು ದಾನದ ಹೆಸರಲ್ಲಿ ಕಿತ್ತುಕೊಂಡು ಬೀದಿಗೆ ಹಾಕಿದ್ದಾಯಿತು.

ಈ ಸೀರೆಯನ್ನು ತಾನು ಮನೆಗೆ ಒಯ್ಯುತ್ತೇನೆ, ಇದರ ಬದಲು ಇದೇ ಹಾಸಿನ ಇನ್ನೊಂದನ್ನು ಸಂಜೆಯೊಳಗೆ ಕಳಿಸುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದಳು. ಅವರು ಬೀರುವಿನ ಬಾಗಿಲನ್ನು ಹಾಗೇ ತೆರೆದಿಟ್ಟು, ಗಾಳಿಯಾಡಲಿ ಎಂದರು.

ಅವಳು ಹಜಾರಕ್ಕೆ ಬಂದು ಮಗಳ ಕೈ ಹಿಡಿದುಕೊಂಡಳು. ಹೊರಗೆ ಛತ್ರದ ಮೆಟ್ಟಿಲ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು, ಬಸ್ ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರುಗಳ ಕೂಗು ಕೇಳುತ್ತಿತ್ತು. ಎರಡು ಮೆಟ್ಟಿಲು ಇಳಿದು ಶಕುಂತಲ ಕೂತುಬಿಟ್ಟಳು. ಪದ್ದು ಪಕ್ಕದಲ್ಲಿ ಕೂತು ಅಮ್ಮನ ತೊಡೆಯ ಮೇಲಿನ ಸೀರೆಯನ್ನು ನೋಡಿದಳು. ಮುಟ್ಟಲಿಲ್ಲ. ಅವಳ ಬಾಯಿ ಅರೆ ತೆರೆಯಿತು.

ಒಳಗೆ ಪಾತ್ರೆಗಳಿದ್ದವು, ಎಂಜಲೆಲೆ ತೆಗೆಯಬೇಕಿತ್ತು, ಮಜ್ಜಿಗೆಯ ಕೊಳಗ ತೊಳೆಯಬೇಕಿತ್ತು. ಯಾರೋ ಶಕುಂತಲಕ್ಕ ಎಂದು ಕೂಗಿದರು ಕೂಡ. ಅವಳು ಏಳಲಿಲ್ಲ. ಮಗಳು ಏನು ಕೇಳಿದರೂ ಸುಳ್ಳು ಹೇಳಲಾರೆ ಎಂದು ಅವಳಿಗೆ ಗೊತ್ತಾಗಿತ್ತು. ಹೇಳಿದ ಮೇಲೆ ಈ ಪುಟ್ಟ ಕೈ ತನ್ನ ಕೈಯಲ್ಲಿ ಹೀಗೇ ಇರುತ್ತದೆಯೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ. ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಮುಖವನ್ನು ಮಗಳ ಕಡೆ ತಿರುಗಿಸಿ ಕಾದಳು.

ಪದ್ದು ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ, ಖಾಲಿ ಮೆಟ್ಟಿಲುಗಳ ಕಡೆಗೆ ನೋಡಿದಳು. ಅಪ್ಪಣೆ ಕೇಳುವವಳ ಹಾಗೆ. ಆಮೇಲೆ ಶಕುಂತಲಳಿಗೆ ಒತ್ತಿಕೊಂಡು ಕೂತು, ಮೆಲ್ಲಗೆ ಕೇಳಿದಳು.

"ಅಮ್ಮ, ಈ ಸೀರೆ ಉಟ್ಕೊಂಡು ಬರೋ ಅಮ್ಮ ನಂಗೆ ಏನಾಗ್ಬೇಕು?"